ಹನ್ನೆರಡನೇ ಪುಟದ ಪೊದೆ

ಎಲ್ಲ ರಾಮಾಯಣಕ್ಕೂ ಕಾರಣ ಒಂದೂವರೆ ಸಾಲು.

ಎರಡು ಭಾಷೆಯ ಮಕ್ಕಳ ಪುಸ್ತಕವೆಂದರೆ ಒಂದೇ ಚಿತ್ರದ ಮೇಲೆ ಎರಡು ಮಾತು ಕೂರಬೇಕು. ಮೇಲೆ ಮನೆಯ ಮಾತು, ಕೆಳಗೆ ಶಾಲೆಯ ಮಾತು. ಶಾಲೆಯ ಮಾತಿನಲ್ಲಿ ಗೆಳೆಯ ಗೆಳತಿಯನ್ನು ಎರಡೇ ಪದಗಳಲ್ಲಿ ಆಟಕ್ಕೆ ಕರೆದು ಮುಗಿಸಿದ್ದ. ಅದನ್ನು ಮನೆಯ ಮಾತಿಗೆ ತಂದ ಅನುವಾದಕಿ ಮಾತ್ರ ಕ್ಷೇಮಸಮಾಚಾರ ಕೇಳದೆ ಯಾರನ್ನೂ ಆಟಕ್ಕೆ ಕರೆಯುವ ಹೆಂಗಸಲ್ಲ. ಹೀಗಾಗಿ ಹನ್ನೆರಡನೇ ಪುಟದಲ್ಲಿ ಒಂದೂವರೆ ಸಾಲು ಉಕ್ಕಿ, ಎಡಗಡೆ ನಿಂತ ಹುಡುಗಿಯ ಮೂಗಿನ ಮೇಲೆ ಬಂದು ಕೂತಿತು.

ಅಕ್ಷರವನ್ನು ಬಲಕ್ಕೆ ಸರಿಸುವಂತಿರಲಿಲ್ಲ. ಪ್ರಕಾಶನದ ಒಡತಿ, ಎಲ್ಲರ ಬಾಯಲ್ಲೂ ಮೇಡಂ, ಪುಸ್ತಕದುದ್ದಕ್ಕೂ ಅಕ್ಷರ ಎಡಗಡೆಯೇ ಇರಬೇಕೆಂದು ಕಟ್ಟಪ್ಪಣೆ ಮಾಡಿದ್ದರು. ಪುಟ ಜೋಡಿಸುವ ಕೆಲಸದ ನಮ್ಮ ಪುಟದಣ್ಣ ಗಡ್ಡ ಕೆರೆದುಕೊಂಡು ಯೋಚಿಸಿದ. ಅಕ್ಷರ ಸರಿಯದಿದ್ದರೆ ಚಿತ್ರ ಸರಿಯಲಿ ಎಂದು, ಇಡೀ ಚಿತ್ರವನ್ನೇ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿಬಿಟ್ಟ. ಹುಡುಗಿ ಬಲಕ್ಕೆ ಹೋದಳು, ಖಾಲಿ ಆಕಾಶ ಎಡಕ್ಕೆ ಬಂತು, ಸಾಲುಗಳು ಕಾಲು ಚಾಚಿಕೊಂಡು ಕೂತವು. ತನ್ನ ಬುದ್ಧಿಗೆ ತಾನೇ ಮೆಚ್ಚಿ ಅವನು ಆ ದಿನ ಎರಡು ಕಪ್ ಚಹಾ ಹೆಚ್ಚಿಗೆ ಕುಡಿದಿದ್ದ.

ಈ ದಿನ ಬೆಳಿಗ್ಗೆ ಮುನ್ನೂರು ಪ್ರತಿಗಳು ಅಚ್ಚಾಗಿ ಬಂದವು. ಪುಟದಣ್ಣ ಒಂದನ್ನು ಎತ್ತಿ ಮೂಸಿ, ಪ್ರೀತಿಯಿಂದ ಪುಟ ತಿರುಗಿಸುತ್ತ ಹೋದ. ಹನ್ನೆರಡಕ್ಕೆ ಬಂದಾಗ ಎದೆ ಧಸಕ್ಕೆಂದಿತು. ಕತೆಯ ಹುಡುಗಿ ಊರುಗೋಲು ಹಿಡಿದು ನಡೆಯುವವಳು. ಉಳಿದೆಲ್ಲ ಪುಟಗಳಲ್ಲೂ ಊರುಗೋಲು ಬಲ ಕಂಕುಳಲ್ಲಿತ್ತು. ಇಲ್ಲಿ ಮಾತ್ರ ಎಡಕ್ಕೆ ಹಾರಿತ್ತು.

ಇದು ಅವನ ಮೂರನೇ ತಪ್ಪು. ಮೊದಲ ಸಲ ಪುಟ ಹಿಂದುಮುಂದಾಗಿ, ಮೊಲ ಅಡುಗೆ ಮಾಡುವ ಮೊದಲೇ ಊಟ ಮುಗಿಸಿತ್ತು. ಎರಡನೇ ಸಲ ಹಿಂಬದಿಯ ರಕ್ಷಾಪುಟದಲ್ಲಿ ಲೇಖಕರ ಜಾಗಕ್ಕೆ ಗೂಬೆಯ ಚಿತ್ರ ಹೋಗಿತ್ತು. ಲೇಖಕರ ಹೆಂಡತಿ "ಫೋಟೋ ಚೆನ್ನಾಗಿ ಬಂದಿದೆ" ಎಂದಿದ್ದು ಗಾಯದ ಮೇಲೆ ಬರೆ ಎಳೆದಂತಾಯಿತು. ಮೂರನೆಯದಾದರೆ ಸೀದಾ ಗೋದಾಮಿಗೆ, ಕಟ್ಟು ಕಟ್ಟುವ ಕೆಲಸಕ್ಕೆ ಎಂದು ಮೇಡಂ ಅಂದೇ ಹೇಳಿದ್ದರು. ಆ ಗೋದಾಮಿಗೆ ಕಿಟಕಿಯಿಲ್ಲ, ಪುಟದಣ್ಣನಿಗೆ ಧೂಳು ಕಂಡರೆ ಸೀನು. ಅದಕ್ಕಿಂತ ಹೆಚ್ಚಾಗಿ, ಚಿತ್ರಕ್ಕೂ ಅಕ್ಷರಕ್ಕೂ ಜಾಗ ಹೊಂದಿಸುವ ಈ ಕೆಲಸವೆಂದರೆ ಅವನಿಗೆ ಪ್ರಾಣ.

ಅವನು ಪುಸ್ತಕ ಮುಚ್ಚಿ ಬೆವರೊರೆಸುವುದರೊಳಗೆ ಕರಡು ತಿದ್ದುವ ಅಕ್ಕ ಬೆನ್ನ ಹಿಂದೆ ಪ್ರತ್ಯಕ್ಷರಾದರು. 

"ಏನದು ಮುಚ್ಚಿಡ್ತಿರೋದು? ತೆಗೀರಿ ನೋಡೋಣ."

"ಏನಿಲ್ಲ ಅಕ್ಕಾ."

"ಏನಿಲ್ಲ ಅಂದ್ರೇನೇ ಏನೋ ಇದೆ." ಅಕ್ಕ ಪುಸ್ತಕ ಕಿತ್ತುಕೊಂಡು ನೋಡಿ ಕೆನ್ನೆಗೆ ಕೈ ಹಚ್ಚಿದರು. "ಅಯ್ಯಯ್ಯೋ! ಕೈ ಬದಲಾಗಿದೆಯಲ್ರೀ!"

"ಮೆಲ್ಲಗೆ ಅಕ್ಕಾ! ನೀವೂ ಕರಡು ನೋಡಿದ್ರಲ್ಲ, ಆಗ್ಲೇ ಹೇಳ್ಬಾರ್ದಿತ್ತಾ?"

"ನನ್ನ ಕೆಲಸ ಅಕ್ಷರ. ಕೈಕಾಲು ಎಣಿಸು ಅಂತ ನಂಗೆ ಯಾರೂ ಹೇಳಿಲ್ಲಪ್ಪ."

ಮೆಲ್ಲಗೆ ಮಾತಾಡುವ ಅಭ್ಯಾಸ ಅಕ್ಕನಿಗಿರಲಿಲ್ಲ. ಒಳಕೋಣೆಯಿಂದ ಬೈಂಡರ್ ತಾತ ಅಂಟಿನ ಬಟ್ಟಲು ಹಿಡಿದೇ ಬಂದರು. ನಲವತ್ತು ವರ್ಷ ಪುಸ್ತಕ ಹೊಲಿದ ತಾತನ ದೃಷ್ಟಿಯಲ್ಲಿ ಅಂಟು ಹಚ್ಚಿದರೆ ಸರಿಹೋಗದ ಕಷ್ಟ ಲೋಕದಲ್ಲಿ ಹುಟ್ಟಿಯೇ ಇಲ್ಲ.

"ಕಾಣದ ತಪ್ಪು ತಪ್ಪೇ ಅಲ್ಲ ಮಗಾ. ಊರುಗೋಲಿನ ಮೇಲೆ ಏನಾದ್ರೂ ಅಂಟಿಸಿ ಮುಚ್ಚಿಬಿಡು."

"ಏನು ಅಂಟಿಸೋದು ತಾತ?"

"ಒಂದು ಬೆಕ್ಕು ಅಂಟಿಸು."

"ಬೆಕ್ಕು ಬೇಡ," ಎಂದರು ಅಕ್ಕ. "ಬೆಕ್ಕಿನ ಹೆಸರೇನು, ಎಲ್ಲಿಂದ ಬಂತು, ಮುಂದಿನ ಪುಟದಲ್ಲಿ ಎಲ್ಲಿಗೆ ಹೋಯ್ತು ಅಂತ ಮಕ್ಕಳು ಪ್ರಾಣ ತಿಂತಾವೆ. ಪೊದೆ ಅಂಟಿಸಿ. ಪೊದೆಗೆ ಯಾರೂ ಹೆಸರು ಕೇಳಲ್ಲ."

ಮುಳುಗುವವನಿಗೆ ಹುಲ್ಲುಕಡ್ಡಿಯೇ ಸಾಕು, ಇಲ್ಲಿ ಇಡೀ ಪೊದೆಯೇ ಸಿಕ್ಕಿತ್ತು. ಮೂರನೇ ಪುಟದಲ್ಲಿದ್ದ ಒಂದು ದುಂಡು ಪೊದೆಯನ್ನು ಮುನ್ನೂರು ಸಲ ಮುದ್ರಿಸಿ ಮೂವರೂ ಕತ್ತರಿ ಹಿಡಿದು ಕೂತರು. ಸಂಜೆ ನಾಲ್ಕಕ್ಕೆ ಹತ್ತಿರದ ಶಾಲೆಯಲ್ಲಿ ಪುಸ್ತಕ ಓದುವ ಕಾರ್ಯಕ್ರಮ. ಗಾಲಿಕುರ್ಚಿಯ ಮಕ್ಕಳು, ಊರುಗೋಲಿನ ಮಕ್ಕಳು, ಓಡುವ ಮಕ್ಕಳು ಎಲ್ಲರೂ ಒಟ್ಟಿಗೆ ಕಲಿಯುವ ಶಾಲೆ ಅದು. ಪುಟದಣ್ಣನ ಬೆರಳು ಬೆರಳಿಗೇ ಅಂಟಿತು. ತಾತ ಎರಡು ಸಲ ಹುಡುಗಿಯ ಮುಖಕ್ಕೇ ಪೊದೆ ಹಚ್ಚಿ ಕೆರೆದು ತೆಗೆದರು. ಅಕ್ಕ ಪ್ರತಿ ಪೊದೆಗೂ "ಸೊಟ್ಟ, ಸೊಟ್ಟ" ಎಂದು ತಿದ್ದಿದರು. ಊಟವನ್ನು ಯಾರೂ ನೆನೆಯಲಿಲ್ಲ.

ಮೂರೂವರೆಗೆ ಲೆಕ್ಕ ಹಾಕಿದರೆ ಇನ್ನೂರ ತೊಂಬತ್ತು ಪುಸ್ತಕ! ಪುಟದಣ್ಣ ಮೇಜಿನಡಿಯೆಲ್ಲ ತಡಕಾಡಿದ.

"ಹತ್ತು ಎಲ್ಲಿ ಹೋದ್ವು?"

"ಬೆಳಿಗ್ಗೆನೇ ಮೇಡಂ ತಗೊಂಡು ಹೋದ್ರಲ್ಲ," ಎಂದರು ಅಕ್ಕ ಕತ್ತರಿ ಒರೆಸುತ್ತ. "ಮುಂದಿನ ಸಾಲಿನ ಮಕ್ಕಳಿಗೆ ಅಂತ."

"ಮೊದಲೇ ಹೇಳೋದಲ್ವಾ ಅಕ್ಕಾ!"

"ನೀವು ಕೇಳಿದ್ರಾ?"

ಪುಟದಣ್ಣ ಹತ್ತು ಪೊದೆಗಳನ್ನು ಜೇಬಿಗೆ ತುರುಕಿ, ಅಂಟಿನ ಡಬ್ಬಿ ಹಿಡಿದು ಓಡಿದ. ಕಟ್ಟುಗಳನ್ನು ಗಾಡಿಯಲ್ಲಿ ಹಾಕಿಕೊಂಡು ಅಕ್ಕ, ತಾತ ಹಿಂದೆಯೇ ಬಂದರು.

ಶಾಲೆಯ ಸಭಾಂಗಣದಲ್ಲಿ ಮೇಡಂ ಆಗಲೇ ಸ್ವಾಗತ ಶುರುಮಾಡಿದ್ದರು. ಪಕ್ಕದಲ್ಲಿ ಚಿತ್ರ ಬರೆದ ಕಲಾವಿದ ಗಲ್ಲಕ್ಕೆ ಕೈಕೊಟ್ಟು ಗಂಭೀರವಾಗಿ ಕೂತಿದ್ದ. ಪುಟದಣ್ಣ ಕುರ್ಚಿಗಳ ನಡುವೆ ಅಂಬೆಗಾಲಿಕ್ಕಿದ. ಮಕ್ಕಳು ಮೇಡಂ ಕಡೆ ನೋಡುವಾಗ ಮಡಿಲಿನ ಪುಸ್ತಕ ಮೆಲ್ಲನೆ ಎಳೆದು, ಹನ್ನೆರಡನೇ ಪುಟ ತೆಗೆದು, ಪೊದೆ ಒತ್ತಿ, ಮರಳಿ ಇಡುವುದು. ಕಳ್ಳತನ ಇಷ್ಟು ಕಷ್ಟದ ಕೆಲಸವೆಂದು ಅವನಿಗೆ ಗೊತ್ತಿರಲಿಲ್ಲ.

"ಅಂಕಲ್, ಏನು ಹುಡುಕ್ತಿದೀರಾ?" ದಪ್ಪ ಕನ್ನಡಕದ ಹುಡುಗಿಯೊಬ್ಬಳು ಬಗ್ಗಿ ಕೇಳಿದಳು.

"ಗುಂಡಿ ಬಿತ್ತು ಪುಟ್ಟಿ. ಅಂಗಿ ಗುಂಡಿ."

"ಎಲ್ಲರೂ ಹುಡುಕ್ರೋ! ಅಂಕಲ್ ಗುಂಡಿ ಬಿದ್ದಿದೆ!"

ಅರ್ಧ ಸಭೆ ನೆಲಕ್ಕಿಳಿಯಿತು. ಒಳ್ಳೆಯದೇ ಆಯಿತು, ಆ ಗದ್ದಲದಲ್ಲಿ ಒಂಬತ್ತು ಪೊದೆ ಮುಗಿದವು. ಹತ್ತನೆಯ ಪುಸ್ತಕ ಇದ್ದದ್ದು ಮುಂದಿನ ಸಾಲಿನ ನಟ್ಟನಡುವೆ, ಎರಡು ಜಡೆಯ ಹುಡುಗಿಯೊಬ್ಬಳ ಕೈಯಲ್ಲಿ. ಅವಳ ಊರುಗೋಲು ಕುರ್ಚಿಗೆ ಒರಗಿತ್ತು. ಪುಟದಣ್ಣ ಕೈ ಚಾಚುವಷ್ಟರಲ್ಲಿ ಮೇಡಂ ಅವಳನ್ನೇ ಓದಲು ಕರೆದರು. ಹತ್ತನೇ ಪೊದೆ ಅವನ ಅಂಗೈಗೇ ಅಂಟಿಕೊಂಡಿತು.

ಹುಡುಗಿ ಎರಡೂ ಭಾಷೆಯಲ್ಲಿ ಗಟ್ಟಿಯಾಗಿ ಓದಿದಳು. ಹನ್ನೆರಡನೇ ಪುಟಕ್ಕೆ ಬಂದು ನಿಂತಳು.

"ಇಲ್ಲಿ ಊರುಗೋಲು ಬೇರೆ ಕೈಗೆ ಬಂದಿದೆ," ಎಂದಳು ಹುಡುಗಿ. "ಸರಿಯಾಗಿದೆ! ನಾನೂ ಹೀಗೇ ಮಾಡ್ತೀನಿ. ಒಂದೇ ಕಂಕುಳಲ್ಲಿ ಇಟ್ಕೊಂಡ್ರೆ ನೋವಾಗಲ್ವಾ? ಬೇರೆ ಪುಸ್ತಕದಲ್ಲೆಲ್ಲ ಅಂಟಿಸಿದ ಹಾಗೆ ಒಂದೇ ಕಡೆ ಬರೀತಾರೆ. ಈ ಪುಟ ಮಾಡಿದವರಿಗೆ ಮಾತ್ರ ಗೊತ್ತು."

ಚಪ್ಪಾಳೆ ಬಿತ್ತು. ಮೇಡಂ ಕಣ್ಣೊರೆಸಿಕೊಂಡರು. ಕಲಾವಿದ ಪುಟವನ್ನು ಇಣುಕಿ ನೋಡಿ ಒಂದು ಕ್ಷಣ ಪೆಚ್ಚಾದ, ಮರುಕ್ಷಣ ಎದ್ದು ಕೈ ಮುಗಿದ. "ಇಂಥದ್ದನ್ನ ಗಮನಿಸೋಕೆ ವರ್ಷಗಟ್ಟಲೆ ಬೇಕು," ಎಂದ.

ಪುಟದಣ್ಣನ ಹೊಟ್ಟೆ ಉರಿಯಿತು. ಆದರೂ ಕೆಲಸ ಉಳಿಯಿತಲ್ಲ ಎಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ದಪ್ಪ ಕನ್ನಡಕದವಳು ಎದ್ದಳು.

"ಮಿಸ್, ನಮ್ಮ ಪುಸ್ತಕದಲ್ಲಿ ಊರುಗೋಲೇ ಇಲ್ಲ. ಗಿಡ ಇದೆ!"

"ನಮ್ಮದರಲ್ಲೂ ಗಿಡ!" "ನಮ್ಮದು ಕೈಗೆಲ್ಲ ಅಂಟ್ತಾ ಇದೆ!"

ಮೇಡಂ ಒಂದು ಪ್ರತಿ ತೆಗೆದು ನೋಡಿದರು. ಮುಖ ಕೆಂಡವಾಯಿತು. "ಯಾರು ಮಾಡಿದ್ದು ಇದನ್ನ?"

ಅಕ್ಕ ಚಾವಣಿಯ ಫ್ಯಾನಿನ ರೆಕ್ಕೆ ಎಣಿಸತೊಡಗಿದರು. ತಾತನಿಗೆ ಇದ್ದಕ್ಕಿದ್ದಂತೆ ಕಿವಿ ಮಂದವಾಯಿತು. ಪುಟದಣ್ಣ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ನೀವಾ? ಮಗುವಿನ ಊರುಗೋಲು ಮುಚ್ಚಿಡೋ ಅಂಥದ್ದಾ? ನಾಚಿಕೆಪಡೋ ವಿಷಯನಾ ಅದು? ಈ ಪುಸ್ತಕ ಬಂದಿರೋದೇ ಯಾಕೆ ಅಂತ ಗೊತ್ತಾ ನಿಮಗೆ?"

ಆ ಮಾತು ಪುಟದಣ್ಣನಿಗೆ ನಿಜವಾಗಿ ನಾಟಿತು. ಅವನು ತಪ್ಪು ಮುಚ್ಚಲು ಹೊರಟವನು, ಊರುಗೋಲು ಮುಚ್ಚುತ್ತಿದ್ದೇನೆ ಎಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಇನ್ನು ಸುಳ್ಳು ಬೇಡವೆನಿಸಿತು.

"ತಪ್ಪಾಯ್ತು ಮೇಡಂ. ಆದ್ರೆ ಒಂದು ಮಾತು. ಕೈ ಬದಲಾಗಿದ್ದೂ ನನ್ನಿಂದಲೇ. ಸಾಲು ಉದ್ದವಾಯ್ತು ಅಂತ ಇಡೀ ಚಿತ್ರ ನಾನೇ ತಿರುಗಿಸಿದ್ದು."

"ಓಹೋ! ಮೊದಲು ಅವರ ಚಿತ್ರಕ್ಕೆ ಗಿಡ ನೆಟ್ರಿ, ಈಗ ಅವರ ಹೆಸರನ್ನೂ ಹೊಡ್ಕೊಳ್ಳೋಕೆ ಬಂದ್ರಾ?"

ಕಲಾವಿದ ಕ್ಷಮಿಸುವವನಂತೆ ತಲೆಯಾಡಿಸಿದ. ಆಗ ಎರಡು ಜಡೆಯವಳು ಪುಟಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿ ಕೂಗಿದಳು.

"ಈ ಅಂಕಲ್ ಹೇಳ್ತಿರೋದು ನಿಜ ಮಿಸ್! ಅವಳ ಗೆಳೆಯನ ಅಂಗಿ ಜೇಬು ನೋಡಿ. ಎಲ್ಲ ಕಡೆ ಎಡಕ್ಕಿದೆ, ಇಲ್ಲಿ ಬಲಕ್ಕೆ ಬಂದಿದೆ. ಚಿತ್ರಾನೇ ತಿರುಗಿಸಿದಾರೆ!"

ಪುಟದಣ್ಣನಿಗೆ ಕಣ್ಣಲ್ಲಿ ನೀರೇ ಬಂತು. ಲೋಕದಲ್ಲಿ ಒಂದು ಜೀವವಾದರೂ ಅವನ ಕೆಲಸವನ್ನು ಸರಿಯಾಗಿ ನೋಡಿತ್ತು. ಅವನು ಪೊದೆ ಅಂಟಿದ ಕೈಯನ್ನೇ ಎದೆಯ ಮೇಲಿಟ್ಟುಕೊಂಡ. ಮೇಡಂ ಜೇಬನ್ನು ನೋಡಿ ಹುಬ್ಬು ಗಂಟಿಕ್ಕಿ ಕಲಾವಿದನ ಕಡೆ ತಿರುಗಿದರು.

ಕಲಾವಿದ ಪುಸ್ತಕವನ್ನು ಹತ್ತಿರ ಹಿಡಿದ, ದೂರ ಹಿಡಿದ, ಕೊನೆಗೆ ನಿಟ್ಟುಸಿರುಬಿಟ್ಟ.

"ಹೌದು ಮೇಡಂ. ಊರುಗೋಲು ನಾನು ಯೋಚನೆ ಮಾಡಿ ಬದಲಾಯಿಸಿದ್ದು. ಜೇಬು ಮಾತ್ರ ಪುಟ ಜೋಡಿಸೋವಾಗ ಇವರು ಆ ಕಡೆ ಕಳಿಸಿಬಿಟ್ಟಿದಾರೆ. ಪಾಪ, ಹೇಳೋದು ಬೇಡ ಅಂತ ಸುಮ್ನಿದ್ದೆ."

"ಮೂರನೇದು," ಎಂದರು ಮೇಡಂ, ಪುಟದಣ್ಣನ ಕಡೆ ಮೂರು ಬೆರಳು ತೋರಿಸಿ. "ನಾಳೆಯಿಂದ ಗೋದಾಮು. ಮೊದಲು ಈ ಪೊದೆಗಳನ್ನ ಒಂದೂ ಬಿಡದೆ ಕೀಳಿ. ಹುಷಾರು, ಕಲಾವಿದರ ಊರುಗೋಲಿಗೆ ಏಟಾಗಬಾರ್ದು."