ಬೋಣಿಗೆ ಬರುವ ದೊಡ್ಡವ್ವ

ಹೇಳಿದ ಬೆಲೆಗೆ ಸಾಮಾನು ಕೊಳ್ಳುವವರನ್ನು ಸರ್ಕಾರ ಹಿಡಿದು ಜೈಲಿಗೆ ಹಾಕಬೇಕು ಎನ್ನುವುದು ನಮ್ಮ ದೊಡ್ಡವ್ವನ ಖಚಿತ ಅಭಿಪ್ರಾಯ. ಅಂಥವರಿಂದಲೇ ಅಂಗಡಿಯವರು ಕೆಟ್ಟುಹೋಗುತ್ತಾರಂತೆ. ಈ ಅಪರಾಧಿಗಳ ಸಾಲಿನಲ್ಲಿ ಮೊದಲು ನಿಲ್ಲುವವನು ನಾನು! ಒಮ್ಮೆ ಶಹಾಪುರ ಬಸ್ ಸ್ಟ್ಯಾಂಡಿನ ಎದುರು ಒಂದು ಡಜನ್ ಬಾಳೆಹಣ್ಣನ್ನು ಗಾಡಿಯವನು ಹೇಳಿದಷ್ಟೇ ಕೊಟ್ಟು ತಂದೆ. ದೊಡ್ಡವ್ವ ಆ ಹಣ್ಣನ್ನು ಕೈಯಿಂದ ಮುಟ್ಟಲಿಲ್ಲ. ತಿರುಗಿ ಹೋಗಿ ಅದೇ ಬೆಲೆಗೆ ಇನ್ನೆರಡು ಹಣ್ಣು ಇಸಗೊಂಡು ಬಾ ಎಂದು ಅಟ್ಟಿದಳು. ನಾನು ಗಾಡಿಯ ಮುಂದೆ ನಿಂತು ತಲೆ ಕೆರೆದುಕೊಳ್ಳುವುದನ್ನು ನೋಡಿ ಅವನೇ ಕೇಳಿದ, ದೊಡ್ಡವ್ವ ಕಳಿಸಿದಳೇನು ಎಂದು. ಹೌದು ಎಂದೆ. ಎರಡಲ್ಲ, ಮೂರು ಹಣ್ಣು ಕೊಸರೆಂದು ಚೀಲಕ್ಕೆ ಹಾಕಿದ.

"ಆಕಿ ತಾನ ಬಂದ್ರ ಗಾಡಿನೂ ಹೋಗ್ತದ ತಮ್ಮಾ" ಎಂದ.

ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ನನ್ನ ಸ್ಕೂಟರಿನ ಹಿಂದಿನ ಸೀಟು, ಮುಂದೆ ಚೀಲ ನೇತುಹಾಕುವ ಕೊಂಡಿ, ನಡುವೆ ಕುಳಿತು ಓಡಿಸುವ ನಾನು, ಮೂರೂ ಅವಳ ಆಸ್ತಿ. ಹತ್ತು ರೂಪಾಯಿ ಉಳಿಸಲು ಇಪ್ಪತ್ತು ರೂಪಾಯಿಯ ಪೆಟ್ರೋಲ್ ಸುಡುತ್ತೇವಲ್ಲ ಎಂದು ಒಮ್ಮೆ ಧೈರ್ಯ ಮಾಡಿ ಹೇಳಿ ನೋಡಿದೆ. ಪೆಟ್ರೋಲ್ ನಿಂದು, ಉಳಿಯೋದು ನಂದು ಎಂದಳು. ಹೋಗಲಿ, ಮನೆಯಲ್ಲಿ ರೊಕ್ಕಕ್ಕೆ ಅಂಥ ಬರವಿತ್ತೇ ಎಂದರೆ ಅದೂ ಇಲ್ಲ. ಗಂಟಲು ಹರಿದುಕೊಂಡು ತಂದ ಬದನೆಕಾಯಿಯಲ್ಲಿ ಅರ್ಧ ಓಣಿಯವರಿಗೆ ಹಂಚುತ್ತಿದ್ದಳು!

ಯಾದಗಿರಿಯ ಕನ್ನಡಕದ ಅಂಗಡಿಯ ಕತೆ ಕೇಳಿ. ಅಲ್ಲಿ ಕಣ್ಣು ನೋಡಿದವರು, ಎಡಗಣ್ಣು ಮಸುಕಾಗಿದೆ, ಬಲಗಣ್ಣು ಚೆನ್ನಾಗಿದೆ ಎಂದರು. ಬೇರೆ ಯಾರಾದರೂ ಆಗಿದ್ದರೆ ಒಂದಾದರೂ ಉಳಿಯಿತಲ್ಲ ಎಂದು ದೇವರಿಗೆ ಕೈಮುಗಿಯುತ್ತಿದ್ದರು. ದೊಡ್ಡವ್ವ ಸೀದಾ ಗಲ್ಲಾಪೆಟ್ಟಿಗೆಯ ಹತ್ತಿರ ಹೋದಳು.

"ಬಲಗಣ್ಣು ಚಲೋ ಅದ ಅಂತ ನೀವ ಅಂದೀರಿ. ಮತ್ತ ಎರಡು ಗಾಜಿಂದು ರೊಕ್ಕ ಯಾಕ್ರಿ?"

ಫ್ರೇಮಿಗೆ ಎರಡೂ ಕಡೆ ಗಾಜು ಬೇಕಾಗುತ್ತದೆ ಎಂದು ಅಂಗಡಿಯವನು ತಿಳಿಸಿ ಹೇಳಿದ. ಹಾಗಾದರೆ ಬಲಗಡೆ ಖಾಲಿ ಬಿಡಿ, ನನ್ನ ಕಣ್ಣೇನು ಗಾಳಿಗೆ ಹೆದರುವುದಿಲ್ಲ ಎಂದಳು. ಅವನು ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಒಂದೇ ಗಾಜಿನ ಕನ್ನಡಕ ಹಾಕಿಕೊಂಡು ಈ ಹೆಂಗಸು ಯಾದಗಿರಿಯಿಂದ ಸುರಪುರದವರೆಗೆ ತಿರುಗಾಡಿ, ಎಲ್ಲಿ ಮಾಡಿಸಿದಿರಿ ಎಂದು ಕೇಳಿದವರಿಗೆಲ್ಲ ತನ್ನ ಅಂಗಡಿಯ ಹೆಸರು ಹೇಳಿದರೆ ಗತಿಯೇನು? ಪಾಪ, ಬಲಗಡೆಯ ಗಾಜನ್ನು ಪುಕ್ಕಟೆ ಹಾಕಿಕೊಟ್ಟ. ಡಬ್ಬಿ, ಒರೆಸುವ ಬಟ್ಟೆ, ಕುತ್ತಿಗೆಗೆ ಹಾಕಿಕೊಳ್ಳುವ ದಾರ ಎಲ್ಲವನ್ನೂ ಅವಳು ಕೇಳುವ ಮೊದಲೇ ಚೀಲಕ್ಕೆ ಹಾಕಿ ಬಾಗಿಲತನಕ ಬಂದು ಬಿಟ್ಟು ಹೋದ.

ಸುರಪುರದಲ್ಲೊಂದು ಬಟ್ಟೆ ಅಂಗಡಿ. ಒಳಗೆ ಕಾಲಿಟ್ಟರೆ ಗೋಡೆಯ ತುಂಬ 'ಒಂದೇ ದರ, ಚೌಕಾಸಿ ಇಲ್ಲ' ಎಂದು ಬಣ್ಣದಲ್ಲಿ ಬರೆಸಿದ್ದಾರೆ. ಇವತ್ತು ಸಿಕ್ಕಿಬಿದ್ದಳು ಎಂದು ನಾನು ಬೋರ್ಡಿನ ಕಡೆ ಬೆರಳು ತೋರಿಸಿ ನಕ್ಕೆ. ದೊಡ್ಡವ್ವ ನಿಧಾನವಾಗಿ ಪೂರಾ ಓದಿದಳು. ಅಕ್ಷರ ಬಹಳ ಚಂದ ಬಂದಿವೆ ಎಂದು ಸಾಹುಕಾರರನ್ನು ಹೊಗಳಿದಳು. ಪೇಂಟರ್ ಎಷ್ಟು ಕೇಳಿದ, ನೀವು ಎಷ್ಟು ಕೊಟ್ಟಿರಿ ಎಂದು ಸಹಜವಾಗಿ ವಿಚಾರಿಸಿದಳು. ಹೊಗಳಿಕೆಗೆ ಉಬ್ಬಿದ ಸಾಹುಕಾರರು, ಅವನು ಬಾಯಿಗೆ ಬಂದಷ್ಟು ಕೇಳಿದ್ದ, ನಾನು ಅರ್ಧಕ್ಕೆ ಇಳಿಸಿದೆ ಎಂದು ಹೆಮ್ಮೆಯಿಂದ ಹೇಳಿಬಿಟ್ಟರು!

"ಹಂಗಾದ್ರ ಸೀರಿನೂ ಅದ ಲೆಕ್ಕದಾಗ ಕೊಡ್ರಿ ಸಾಹುಕಾರ್ರ."

ಅರ್ಧಕ್ಕೆ ಸಿಗಲಿಲ್ಲ, ಅದು ನಿಜ. ಆದರೆ ಬೆಲೆ ಇಳಿಯಿತು, ಸೀರೆಯ ಜೊತೆಗೊಂದು ಜಂಪರ್ ಪೀಸು ಬಂತು. ಮುಂದಿನ ಸಲ ಹೋದಾಗ ಬೋರ್ಡಿನ ಮುಂದೆ ಸೀರೆಗಳನ್ನು ಇಳಿಬಿಟ್ಟು ಅಕ್ಷರ ಕಾಣದಂತೆ ಮಾಡಿದ್ದರು.

ಸರ್ಕಾರ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿದಾಗ ಊರೆಲ್ಲ ಹಿಗ್ಗಿತು, ದೊಡ್ಡವ್ವ ಮಾತ್ರ ಮಂಕಾದಳು. ಸೊನ್ನೆಯಿಂದ ಇನ್ನೆಲ್ಲಿಗೆ ಇಳಿಸುವುದು ಹೇಳಿ? ಆದರೆ ಬಿಡುವ ಪೈಕಿಯೇ ಅವಳು? ಯಾದಗಿರಿಯಿಂದ ಬರುವಾಗ ಕಂಡಕ್ಟರ್ ಸೊನ್ನೆ ಟಿಕೆಟ್ ಹರಿದು ಕೊಟ್ಟ. ಇದರ ಮೇಲೆ ಕೊಸರು ಏನು ಕೊಡುತ್ತೀ ಎಂದು ಕೇಳಿದಳು. ಟಿಕೆಟ್ಟಿಗೆ ಕೊಸರು ಕೇಳಿದವರನ್ನು ಅವನು ಅದುವರೆಗೆ ಕಂಡಿರಲಿಲ್ಲ. ನಮ್ಮ ಓಣಿಯ ಬಾಯಿಗೆ ಬಸ್ಸು ನಿಲ್ಲಿಸು, ಅದೇ ಕೊಸರು ಎಂದು ಅವಳೇ ದಾರಿ ತೋರಿಸಿದಳು. ಅಲ್ಲಿ ಸ್ಟಾಪ್ ಇಲ್ಲ ಎಂದ. ಭೀಮಾ ನದಿಯ ಸೇತುವೆಯ ಮೇಲೆ ಶುರುವಾದ ವಾದ ಶಹಾಪುರ ಬಂದರೂ ಮುಗಿಯಲಿಲ್ಲ. ಕಡೆಗೆ ಡ್ರೈವರನೇ ಸೋತು ಓಣಿಯ ಬಾಯಿಗೆ ಬ್ರೇಕ್ ಹಾಕಿದ. ಅವಳ ಹಿಂದೆ ನಾನೂ ಇಳಿದೆ. ಪೂರಾ ರೊಕ್ಕ ಕೊಟ್ಟು ಬಂದ ನನ್ನನ್ನು, ಲಗೂನ ಇಳೀರಿ ಎಂದು ಕಂಡಕ್ಟರ್ ಗದರಿಸಿದ!

ಇವೆಲ್ಲ ಚಿಲ್ಲರೆ ಕಾಳಗ. ದೊಡ್ಡ ಯುದ್ಧ ನಡೆಯುತ್ತಿದ್ದುದು ಶಹಾಪುರದ ಕಾಯಿಪಲ್ಲೆ ಬಜಾರಿನಲ್ಲಿ, ಬೆಳಗಿನ ಬೋಣಿ ಹೊತ್ತಿಗೆ. ಬೋಣಿ ಎಂದರೆ ದಿನದ ಮೊದಲ ವ್ಯಾಪಾರ. ಮೊದಲ ಗಿರಾಕಿ ಬರಿಗೈಯಲ್ಲಿ ತಿರುಗಿ ಹೋದರೆ ಆ ದಿನವೆಲ್ಲ ವ್ಯಾಪಾರ ಏಳುವುದಿಲ್ಲ ಎಂದು ಮಾರುವವರ ನಂಬಿಕೆ. ಕೈ ಚಲೋ ಇದ್ದವರು ಬೋಣಿ ಮಾಡಿದರೆ ಬುಟ್ಟಿ ಲಗೂನೆ ಖಾಲಿಯಾಗುತ್ತದೆ ಎಂದೂ ನಂಬಿಕೆ. ದೊಡ್ಡವ್ವನಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಮಾರುವವರು ಗೋಣಿಚೀಲದ ಬಾಯಿ ಬಿಚ್ಚುವ ಮೊದಲೇ ಹೋಗಿ ಎದುರು ನಿಲ್ಲುತ್ತಿದ್ದಳು.

ಅವಳ ಕಾಯಂ ಎದುರಾಳಿ ಭೀಮವ್ವ. ಪಕ್ಕದ ಹಳ್ಳಿಯಿಂದ ಬದನೆಕಾಯಿ, ಮೆಂತ್ಯೆ ಪಲ್ಲೆ ತಂದು ಮಾರುತ್ತಾಳೆ. ವಯಸ್ಸಿನಲ್ಲಿ ಇಬ್ಬರೂ ಸಮ, ಬಾಯಲ್ಲಿ ಒಬ್ಬರಿಗಿಂತ ಒಬ್ಬರು ಮೇಲು. ದೊಡ್ಡವ್ವ ಬದನೆಕಾಯಿಯನ್ನು ಮದುವೆಗೆ ಹುಡುಗಿ ನೋಡಿದ ಹಾಗೆ ತಿರುಗಿಸಿ ತಿರುಗಿಸಿ ನೋಡುವಳು.

"ಇದರಾಗ ಹುಳ ಅದ."

"ಅದು ಕೊಸರು. ಹುಳಕ್ಕ ನಾ ರೊಕ್ಕ ತಗೊಳ್ಳಂಗಿಲ್ಲ."

ಆಮೇಲೆ ದೊಡ್ಡವ್ವ ಹೊರಟುಹೋದಂತೆ ಮಾಡುವುದು, ಭೀಮವ್ವ ನೋಡದವಳಂತೆ ಮಾಡುವುದು, ಇವಳು ಹೆಜ್ಜೆ ನಿಧಾನ ಮಾಡುವುದು, ಅವಳು ಕೆಮ್ಮುವುದು. ಕಡೆಗೆ ಎರಡು ರೂಪಾಯಿಯ ಫರಕಿಗೆ ಬಂದು ತಂಟೆ ನಿಲ್ಲುತ್ತಿತ್ತು. ಭೀಮವ್ವ ಬೋಣಿಯ ನೋಟನ್ನು ತಕ್ಕಡಿಗೆ ಮುಟ್ಟಿಸಿ, ಕಣ್ಣಿಗೆ ಒತ್ತಿಕೊಂಡು, ಸೆರಗಿನಲ್ಲಿ ಕಟ್ಟಿಕೊಳ್ಳುವಳು. ಇಬ್ಬರೂ ತಾವೇ ಗೆದ್ದೆವೆಂದು ನಂಬಿಕೊಂಡು ಬೇರೆಯಾಗುವರು.

ಸಂಜೆ ಈ ಯುದ್ಧದ ವರದಿ ದೊಡ್ಡಪ್ಪನಿಗೆ ಒಪ್ಪಿಸಬೇಕು. ದೊಡ್ಡಪ್ಪ ಹತ್ತಿಯ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು, ಬಾಯಿ ಸತ್ತ ಮನುಷ್ಯ. ಅವನು ಬರುವುದನ್ನು ಕಂಡರೆ ಅಂಗಡಿಯವರು ಬೆಲೆ ಏರಿಸುತ್ತಿದ್ದರು. ಮನೆ ಮುಂದಿನ ಕಟ್ಟೆಯ ಮೇಲೆ ಚಹಾದ ಬಟ್ಟಲು ಹಿಡಿದು ಕೂತು, ಭೀಮವ್ವ ಏನಂದಳು, ನೀನೇನಂದಿ, ಮತ್ತ ಆಕೆ ಏನಂದಳು ಎಂದು ಒಂದೊಂದೇ ಕೇಳುವನು. ಕಡೆಯ ಬೆಲೆ ಕೇಳಿ ದಿನಾಲೂ ಹೊಸದಾಗಿ ಬೆರಗಾಗುವನು. ಅಷ್ಟು ಬೆರಗಾಗುವ ಗಂಡ ಸಿಕ್ಕರೆ ಯಾವ ಹೆಂಗಸು ತಾನೆ ಚೌಕಾಸಿ ಬಿಟ್ಟಾಳು?

ಹೋದ ವರ್ಷ ದೊಡ್ಡಪ್ಪ ತೀರಿಕೊಂಡ. ಉಣ್ಣುತ್ತಾ ಕುಳಿತವನು ಎದೆ ಹಿಡಿದುಕೊಂಡ. ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಲ್ಲಿಂದ ದೊಡ್ಡವ್ವ ಬಜಾರಿಗೆ ಹೋಗುವುದನ್ನು ಬಿಟ್ಟಳು. ಕಾಯಿಪಲ್ಲೆ ತರುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನ ಬೈಗುಳಕ್ಕೆ ತಯಾರಾಗಿಯೇ ಬಂದು, ಟೊಮೇಟೊ ಕಿಲೋಕ್ಕೆ ನಲವತ್ತು ಕೊಟ್ಟೆ ಎಂದೆ. ಹೂಂ ಎಂದಳು. ಮರುದಿನ ಬೇಕೆಂತಲೇ ಅರವತ್ತು ಎಂದು ಸುಳ್ಳು ಹೇಳಿದೆ. ಹೂಂ. ಇನ್ನೊಂದು ದಿನ ನೂರಿಪ್ಪತ್ತು ಎಂದೆ, ಆ ಬೆಲೆಗೆ ಬುಟ್ಟಿಯೇ ಬರುತ್ತಿತ್ತು! ಅದಕ್ಕೂ ಹೂಂ ಎಂದು ಈಳಿಗೆ ತೆಗೆದುಕೊಂಡು ಹೆಚ್ಚಲು ಕೂತಳು. ಬೈಯುವ ದೊಡ್ಡವ್ವನ ಕಾಟ ತಪ್ಪಿದರೆ ಸಾಕು ಎಂದು ಎಷ್ಟು ಸಲ ಅಂದುಕೊಂಡಿದ್ದೆನೋ, ಈಗ ಈ ಹೂಂ ಕೇಳಲಾರದೆ ಹೋದೆ. ಇವಳನ್ನು ಮತ್ತೆ ಬಜಾರಿನಲ್ಲಿ ನಿಲ್ಲಿಸಿ ಜಗಳ ಆಡಿಸದಿದ್ದರೆ ನಾನು ಇವಳ ಮಗನೇ ಅಲ್ಲ ಎಂದು ಹಟ ತೊಟ್ಟೆ.

ಅತ್ತು ಕರೆದು ಹಣ್ಣಿನ ಗಾಡಿಯ ತನಕ ಕರೆದುಕೊಂಡು ಹೋದೆ. ದೊಡ್ಡವ್ವನನ್ನು ಕಂಡವನೇ ಗಾಡಿಯವನು ಮುಖ ಸಣ್ಣದು ಮಾಡಿ, ನೀವು ತಿಳಿದಷ್ಟು ಕೊಡಿ ಅವ್ವಾ ಎಂದ. ದಿನಸಿ ಅಂಗಡಿಯಲ್ಲೂ ಅದೇ ಮಾತು. ಯಾರೂ ಅವಳ ಜೊತೆ ಜಗಳಕ್ಕೇ ನಿಲ್ಲರು! ಚೀಲದ ತುಂಬ ಸೋವಿ ಸಾಮಾನು ತುಂಬಿಕೊಂಡು ಬಂದವಳು ಅವತ್ತು ಊಟ ಮಾಡಲಿಲ್ಲ.

ಬೆಳಿಗ್ಗೆ ಭೀಮವ್ವನ ಹತ್ತಿರವಾದರೂ ಹೋಗೋಣ ನಡಿ ಎಂದು ಗಂಟುಬಿದ್ದೆ. ಬಹಳ ಕಾಡಿದ ಮೇಲೆ ಬಾಯಿಬಿಟ್ಟಳು.

"ಬೋಣಿ ಹೊತ್ನ್ಯಾಗ ನನ್ನಂಥಾಕಿ ಹೋಗಿ ಯಾಕ ನಿಲ್ಲಬೇಕೋ ತಮ್ಮಾ? ಅವ್ರೂ ಹೊಟ್ಟಿ ಪಾಡಿಗೆ ಬಂದಿರ್ತಾರ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗಂಡ ಸತ್ತವಳ ಮುಖ ಬೆಳಿಗ್ಗೆ ನೋಡಬಾರದು ಎಂದು ಯಾವ ಬಾಯಿ ಮೊದಲು ಹೇಳಿತೋ ಅದರ ಮೇಲೆ ಸಿಟ್ಟು ಬಂತು. ಅದನ್ನು ನಂಬಿಕೊಂಡು ಬಂದ ಊರಿನ ಮೇಲೆ ಬಂತು. ಎಲ್ಲರಿಗಿಂತ ಹೆಚ್ಚಾಗಿ ದೊಡ್ಡವ್ವನ ಮೇಲೆಯೇ ಬಂತು. ಯಾವ ಅಂಗಡಿಯವನು ಹೇಳಿದ ಬೆಲೆಯನ್ನೂ ಒಪ್ಪದವಳು, ಊರು ತನಗೆ ಕಟ್ಟಿದ ಬೆಲೆಯನ್ನು ಒಂದು ಮಾತೂ ಎತ್ತದೆ ಒಪ್ಪಿಕೊಂಡಿದ್ದಳಲ್ಲ!

ಸೀದಾ ಭೀಮವ್ವನ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಮೆಂತ್ಯೆಯ ಸಿವುಡು ಕಟ್ಟುತ್ತಲೇ ಕೇಳಿಸಿಕೊಂಡಳು. ನಾಳೆ ಕರೆದುಕೊಂಡು ಬಾ, ಎಷ್ಟೊತ್ತಾದರೂ ಅಡ್ಡಿಯಿಲ್ಲ ಎಂದಷ್ಟೇ ಹೇಳಿದಳು.

ಮರುದಿನ ಬೆಳಿಗ್ಗೆಯೇ ಸ್ಕೂಟರ್ ಹೊರಗೆ ತೆಗೆದೆ. ಬೋಣಿ ಹೊತ್ತು ಕಳೆಯುವತನಕ ಹೊಸ್ತಿಲು ದಾಟುವುದಿಲ್ಲ ಎಂದು ದೊಡ್ಡವ್ವ ಕೂತುಬಿಟ್ಟಳು. ಬಿಸಿಲು ಚುರುಗುಟ್ಟಲು ಶುರುವಾದ ಮೇಲೆ ಎದ್ದಳು. ಬಜಾರಿನಲ್ಲಿ ಎಲ್ಲರ ಬುಟ್ಟಿಗಳೂ ಅರ್ಧ ಬರಿದಾಗಿದ್ದವು. ಭೀಮವ್ವನ ಮುಂದೆ ಮಾತ್ರ ಬದನೆಕಾಯಿಯ ರಾಶಿ ತಂದಿಟ್ಟ ಹಾಗೇ ಇತ್ತು. ಒದ್ದೆ ಗೋಣಿಯ ಕೆಳಗೆ ಮೆಂತ್ಯೆ ಪಲ್ಲೆ ಬಾಡಿ ತಲೆ ಬಾಗಿಸಿತ್ತು. ಬೆಳಗಿನಿಂದ ಬಂದ ಗಿರಾಕಿಗಳನ್ನೆಲ್ಲ ತಿರುಗಿಸಿ ಕಳಿಸುತ್ತಿದ್ದಾಳೆ, ಇವಳ ತಲೆ ಕೆಟ್ಟಿದೆ ಎಂದು ಪಕ್ಕದಲ್ಲಿ ಉಳ್ಳಾಗಡ್ಡಿ ಮಾರುವವನು ನನ್ನ ಹತ್ತಿರ ದೂರು ಹೇಳಿದ. ಆಗಲೂ ಇಬ್ಬರು ಹೆಂಗಸರು ಚೀಲ ಹಿಡಿದು ನಿಂತು, ತೂಗಿ ಕೊಡು ಎಂದು ಗೋಗರೆಯುತ್ತಿದ್ದರು.

"ಯಾಕ ಮಾರವಲ್ಲಿ?" ದೊಡ್ಡವ್ವ ಕೇಳಿದಳು.

"ಬೋಣಿ ಆಗಿಲ್ಲ."

"ಇವ್ರು ನಿಂತಾರಲ್ಲ."

"ನೀ ಬಂದಿರಲಿಲ್ಲಲ."

ದೊಡ್ಡವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕಿಕೊಳ್ಳಬೇಡ, ನನ್ನ ಕೈಯ ಬೋಣಿ ಬೇಡ ಎಂದು ಮೆಲ್ಲಗೆ ಹೇಳಿ ಹೊರಳಿದಳು.

"ನಿಂದ್ರು" ಎಂದಳು ಭೀಮವ್ವ. "ನನ್ನ ಗಂಡ ಸತ್ತ ಮ್ಯಾಲನ ನಾ ಈ ತಕ್ಕಡಿ ಹಿಡದದ್ದು. ಇಷ್ಟು ವರ್ಷ ಮುಂಜಾನೆದ್ದು ಮೊದಲು ನೀ ನನ್ನ ಮಾರಿನ ನೋಡಿದಿ. ಒಂದ್ ದಿನಾರ ಇದು ಕೆಟ್ಟ ಮಾರಿ ಅಂದಿಯೇನು?"

ಹೊರಟಿದ್ದ ದೊಡ್ಡವ್ವ ಈ ಕಡೆ ತಿರುಗಿದಳು. ಭೀಮವ್ವ ಅವಳ ಮುಖವನ್ನೂ ನೋಡದೆ, ಬಿಸಿಲಿಗೆ ಬಾಡಿದ ಬದನೆಕಾಯಿಯನ್ನು ತಕ್ಕಡಿಗೆ ಸುರಿದಳು.

"ಕಿಲೋಕ್ಕ ಎಂಬತ್ತು."

ಎಂಬತ್ತು! ಅಷ್ಟಕ್ಕೆ ಅವತ್ತು ಅದೇ ಬಜಾರಿನಲ್ಲಿ ಎರಡು ಕಿಲೋ ತಾಜಾ ಕಾಯಿ ಸಿಗುತ್ತಿದ್ದವು. ಈ ಬೆಲೆಗೂ ಹೂಂ ಎಂದುಬಿಟ್ಟರೆ ನಮ್ಮ ದೊಡ್ಡವ್ವ ನಮಗೆ ಇನ್ನು ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳು ಬಗ್ಗಿ ಒಂದು ಕಾಯಿ ಎತ್ತಿಕೊಂಡಳು. ತಿರುಗಿಸಿದಳು. ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿದಳು. ಕಣ್ಣಲ್ಲಿ ನೀರು ತುಂಬಿ ಕಾಯಿ ಕಾಣಿಸಿತೋ ಇಲ್ಲವೋ.

"ಈ ಬಾಡಿದ್ದಕ್ಕ ಎಂಬತ್ತೇನು? ಇಪ್ಪತ್ತು ಕೊಡ್ತೀನಿ."

"ಎಪ್ಪತ್ತೈದು."

"ಇಪ್ಪತ್ತು."

ಆಮೇಲೆ ಇಬ್ಬರೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಅನ್ನುತ್ತ, ಬಜಾರೆಲ್ಲ ತಿರುಗಿ ನೋಡುವ ಹಾಗೆ ಜಗಳವಾಡಿದರು. ಚೀಲ ಹಿಡಿದು ನಿಂತಿದ್ದ ಹೆಂಗಸರು ಬಾಯಿ ತೆರೆದುಕೊಂಡು ನೋಡಿದರು. ನನ್ನ ಕಣ್ಣೂ ತುಂಬಿತ್ತು, ಸ್ಕೂಟರಿನ ಕನ್ನಡಿ ಸರಿಮಾಡುವವನಂತೆ ಅತ್ತ ತಿರುಗಿದೆ. ಬೆಲೆ ಮೂವತ್ತಕ್ಕೆ ಬಂದು ನಿಂತಿತು. ದೊಡ್ಡವ್ವ ನೋಟು ತೆಗೆದಳು, ಆದರೆ ಕೊಡಲು ಅವಳ ಕೈ ಮುಂದೆ ಬರಲಿಲ್ಲ. ಭೀಮವ್ವ ನೋಟಿನ ಸಮೇತ ಆ ಕೈಯನ್ನೇ ಹಿಡಿದು ಎಳೆದುಕೊಂಡು, ತಕ್ಕಡಿಗೆ ಮುಟ್ಟಿಸಿ, ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡಳು. ಬಹಳ ಹೊತ್ತು ಹಾಗೇ ಹಿಡಿದಿದ್ದಳು. ಆಮೇಲೆ ಕಾಯುತ್ತ ನಿಂತಿದ್ದ ಹೆಂಗಸರ ಕಡೆ ತಿರುಗಿದಳು.

"ಬರ್ರಿ, ಬೋಣಿ ಆತು."