ಪಾರ್ಕಿನಲ್ಲಿ ಗುಟ್ಟಾಗಿ ತೆಗೆದ ಫೋಟೋ

ಫೋಟೋ ಸ್ಟುಡಿಯೋ ಇಟ್ಟವನಿಗೆ ವಿಚಿತ್ರಗಳನ್ನು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ಅವೇ ತಲೆ ಬಾಚಿ, ಪೌಡರ್ ಬಳಿದುಕೊಂಡು ಬಾಗಿಲಿಗೆ ಬರುತ್ತವೆ. ಅರವತ್ತರ ದಶಕದಲ್ಲಿ, ಜಯನಗರದ ನಮ್ಮ ಕಡೆ ಇನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದಾಗ, ಒಬ್ಬಳೇ ಹುಡುಗಿಯ ದೆಸೆಯಿಂದ ನಾನು ಪಟ್ಟ ಪಜೀತಿಗಳಿವು.

೧. ನಗದ ಹುಡುಗಿ

ಗಂಡಿನ ಕಡೆಯವರಿಗೆ ಕಳಿಸಲು ಫೋಟೋ ಬೇಕೆಂದು ಒಬ್ಬ ರಿಟೈರ್ಡ್ ಮೇಷ್ಟ್ರು ಮಗಳನ್ನು ಕರೆತಂದರು. ಹುಡುಗಿ ಯಾವುದೋ ಕಚೇರಿಯಲ್ಲಿ ಟೈಪಿಸ್ಟ್. ಲಕ್ಷಣವಾಗಿದ್ದಳು, ಆದರೆ ಕ್ಯಾಮರಾ ಕಂಡರೆ ಮುಖ ಗಂಟು. ನಾನು ನಗಿ ಅಂದಷ್ಟೂ ಗಂಟು ಬಿಗಿಯಾಗುತ್ತಿತ್ತು. ಮೇಷ್ಟ್ರು ನನ್ನ ಹಿಂದೆ ನಿಂತು, ಕಣ್ಣು ತಿರುಗಿಸಿ, ನಾಲಿಗೆ ಚಾಚಿ ನಗಿಸಲು ನೋಡಿದರು. ಆಕೆ ಜಗ್ಗಲಿಲ್ಲ.

ಫೋಟೋ ಹೋದಲ್ಲೆಲ್ಲ ವಾಪಸ್ ಬಂತು. ಒಬ್ಬ ಗಂಡಿನ ತಂದೆಯಂತೂ, ಹುಡುಗಿಗೆ ಹಲ್ಲುನೋವು ವಾಸಿಯಾದ ಮೇಲೆ ತಿಳಿಸಿ ಅಂತ ಹೇಳಿ ಕಳಿಸಿದರಂತೆ.

೨. ನೆಲ ನೋಡುವ ಹುಡುಗ

ಕೆಲವು ತಿಂಗಳ ಮೇಲೆ ಅದೇ ಕಚೇರಿಯ ಗುಮಾಸ್ತನೊಬ್ಬ ಬಂದ. ಭಾನುವಾರ ಸಂಜೆ ಪಾರ್ಕಿನಲ್ಲಿ ಆ ಹುಡುಗಿಯನ್ನು, ನನ್ನನ್ನು ಮದುವೆಯಾಗ್ತೀರಾ ಅಂತ ಕೇಳುವವನಿದ್ದ. ಆ ಗಳಿಗೆಯ ಫೋಟೋವನ್ನು ಆಕೆಗೆ ಗೊತ್ತಾಗದಂತೆ ತೆಗೆಯಬೇಕಂತೆ. ಯಾಕಪ್ಪಾ ಅಂದೆ.

"ಕೇಳೋವಾಗ ನಾನು ನೆಲ ನೋಡ್ತಿರ್ತೀನಿ ಸಾರ್, ನಂಗೊತ್ತು. ಅವ್ರ ಮುಖ ಹೆಂಗಾಯ್ತು ಅಂತ ಆಮೇಲಾದ್ರೂ ನೋಡ್ಬೇಕಲ್ಲ."

ಮೇಷ್ಟ್ರು ಬೇರೆ ಕಡೆ ಗೊತ್ತುಮಾಡುವ ಮೊದಲು ಆಕೆಯ ಮನಸ್ಸು ತಿಳಿಯಲೇಬೇಕೆಂದು ಒದ್ದಾಡುತ್ತಿದ್ದ, ಪಾಪ. ನನಗೂ ಕುತೂಹಲ ತಡೆಯಲಾಗಲಿಲ್ಲ. ಆ ಗಂಟು ಮುಖ ಇವನ ಮಾತಿಗೆ ಬಿಚ್ಚುತ್ತದೋ ಇಲ್ಲವೋ? ಒಪ್ಪಿಕೊಂಡೆ. ದೊಡ್ಡ ಮರ ನೋಡಿ ಅದರ ಹಿಂದೆ ಅಡಗಿಕೊಳ್ಳಿ ಅಂತ ಹೇಳಿ ಹೋದ. ಹೋಗಿ ನೋಡಿದರೆ ಹೊಸದಾಗಿ ಗಿಡ ನೆಟ್ಟ ಪಾರ್ಕು. ಅಲ್ಲಿನ ಅತಿ ದೊಡ್ಡ ಮರ ನನ್ನ ಮೊಣಕಾಲಿಗೆ ಬರುತ್ತಿತ್ತು.

೩. ಕಪ್ಪು ಬಟ್ಟೆಯೊಳಗೆ ಇಬ್ಬರು

ಬೇರೆ ದಾರಿಯಿಲ್ಲದೆ ಬಯಲಲ್ಲೇ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಸ್ಟುಡಿಯೋದ ದೊಡ್ಡ ಕ್ಯಾಮರಾ ಕೂರಿಸಿ, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದೆ. ಹೊಸ ಬಡಾವಣೆಯಲ್ಲಿ ಮೂರು ಕಾಲಿನದೇನಾದರೂ ಕಂಡರೆ ಜನಕ್ಕೆ ಒಂದೇ ಯೋಚನೆ, ಸರ್ವೆಯವರು ಬಂದರು ಅಂತ. ಜರಗನಹಳ್ಳಿಯ ರೈತರೊಬ್ಬರು ಬಂದು, ನಮ್ಮ ಹೊಲಕ್ಕೂ ಕಲ್ಲು ನೆಡ್ತೀರಾ ಎಂದು ನನ್ನ ಬೆನ್ನನ್ನು ಕೇಳಿದರು. ಇಲ್ಲ ಅಂದೆ. ನಂಬದೆ ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಅವರನ್ನು ನೋಡಿ ಇನ್ನಷ್ಟು ಜನ ಸೇರಿದರು.

ಅಷ್ಟರಲ್ಲಿ ಜೋಡಿ ಬಂದು ಎದುರಿನ ಕಲ್ಲುಬೆಂಚಿನ ಮೇಲೆ ಕುಳಿತಿತು. ಆಕೆಯೂ ನಮ್ಮನ್ನು ಸರ್ವೆಯವರೆಂದೇ ತಿಳಿದು ಸುಮ್ಮನಾದಳು. ಹುಡುಗ ನೆಲ ನೋಡುತ್ತ ಬಾಯಿ ತೆರೆದ. ನಾನು ಫೋಕಸ್ ಮಾಡುತ್ತಿದ್ದೆ. ಆಗ ಯಾರೋ, ನಮ್ಮ ಸೈಟು ಎಲ್ಲಿ ಬರುತ್ತೆ ನೋಡೋಣ ಎನ್ನುತ್ತ ಬಟ್ಟೆ ಎತ್ತಿ ನನ್ನ ಪಕ್ಕಕ್ಕೇ ತಲೆ ತೂರಿಸಿದರು. ತಿರುಗಿದರೆ ಮೇಷ್ಟ್ರು! ಪಾರ್ಕಿನ ಪಕ್ಕದಲ್ಲೇ ಅವರಿಗೆ ಸೈಟು ಸಿಕ್ಕಿತ್ತಂತೆ. ಕ್ಯಾಮರಾದ ಗಾಜಿನಲ್ಲಿ ಸೈಟು ಹುಡುಕಲು ಹೋದವರಿಗೆ ತಲೆಕೆಳಗಾಗಿ ಕುಳಿತ ಮಗಳು ಕಂಡಳು.

ಇವರು ಒಂದು ಸಲ ಗದರಿದರೆ ಆ ಹುಡುಗನ ಕಥೆ ಮುಗಿದಂತೆ.

"ಅಳ್ತಿದಾಳಲ್ರೀ," ಅಂದರು ಮೇಷ್ಟ್ರು. "ತುಟಿ ಕೆಳಗೆ ಬಾಗಿದೆ."

"ಇದ್ರಲ್ಲಿ ಎಲ್ಲಾ ಉಲ್ಟಾ ಕಾಣ್ಸುತ್ತೆ ಸಾರ್. ನಗ್ತಿದಾರೆ."

ಮೇಷ್ಟ್ರು ತಲೆ ಹೊರಗೆ ತೆಗೆದು ಬರಿಗಣ್ಣಲ್ಲಿ ನೋಡಿದರು. ಹೌದು, ಮುಖದ ತುಂಬ ನಗು. ಹೂಂ ಎಂದು ತಲೆ ಬೇರೆ ಆಡಿಸುತ್ತಿದ್ದಳು. ನನಗೇ ಮದುವೆ ಗೊತ್ತಾದಷ್ಟು ಖುಷಿಯಾಯಿತು. ಮುಂದೆ ಮೇಷ್ಟ್ರು ಆ ಹುಡುಗನಿಗೇ ಧಾರೆ ಎರೆದುಕೊಟ್ಟರು, ಅದರ ಫೋಟೋಗಳನ್ನೂ ನಾನೇ ತೆಗೆದೆ. ಆದರೆ ಆ ಸಂಜೆ ಅವರಿಗೆ ಹುಡುಗನ ಕಡೆ ಗಮನವೇ ಇರಲಿಲ್ಲ. ಮತ್ತೆ ಬಟ್ಟೆಯೊಳಗೆ ನುಗ್ಗಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು:

"ಬೇಗ ತೆಗೀರಿ ಸ್ವಾಮಿ, ಕಡೆಗೂ ನಕ್ಕಳು. ಪಕ್ಕದಲ್ಲಿರೋನ್ನ ಕತ್ತರಿಸಿ ಕೊಟ್ಬಿಡಿ, ನಾಳೇನೇ ಗಂಡಿನ ಕಡೆಯವ್ರಿಗೆ ಕಳಿಸ್ತೀನಿ."