ಸುಭೇದಾರನ ಮೇಲೆ ಇಲಾಖಾ ವಿಚಾರಣೆ

ನನ್ನ ಎಡಗಾಲಿನ ಚಪ್ಪಲಿಯ ಮೇಲೆ ಅವನಿಗೇನು ಹಗೆಯಿತ್ತೋ ಕಾಣೆ. ತೊಂಬತ್ತೆಂಟರ ಏಪ್ರಿಲ್ ತಿಂಗಳೊಂದರಲ್ಲೇ ಮೂರು ಎಡಗಾಲಿನ ಚಪ್ಪಲಿಗಳು ವೀರಮರಣ ಹೊಂದಿದವು. (ಬಲಗಾಲಿನ ಮೂರೂ ಸುರಕ್ಷಿತವಾಗಿವೆ. ಬೇಕಾದವರು ನಾಗಪುರಕ್ಕೆ ಬಂದು ನೋಡಬಹುದು.) ಅವುಗಳ ಹಿಂದೆಯೇ ಸೋಫಾದ ಒಂದು ಮೂಲೆ, ಪರದೆಯ ಕೆಳಗಿನ ಒಂದು ಗೇಣು, ಕೊನೆಗೆ ನಾನು ಆಫೀಸಿನಿಂದ ತಂದಿದ್ದ ಫೈಲಿನ ನಾಲ್ಕು ಹಾಳೆಗಳೂ ಹೋದವು. ಎಲ್ಲವೂ ರಾತ್ರಿಯ ಕೆಲಸ. ಮಾಡಿದವನು ಸುಭೇದಾರ, ಅಂದರೆ ನಮ್ಮ ಮನೆಯ ನಾಯಿ. ಕಾಮ್ಟಿಯ ದಂಡಿನಲ್ಲಿ ಹುಟ್ಟಿದ ಮರಿಯೆಂದು ಮಗಳು ರಂಜನಿ ಗೌರವದಿಂದ ಇಟ್ಟ ಹೆಸರು ಅದು.

ಮೇ ಆರರಂದು, ಫೈಲು ಹೋದ ಬೆಳಿಗ್ಗೆ, ನಾನು ನಿಂತ ನಿಲುವಿನಲ್ಲೇ ತೀರ್ಪು ಕೊಟ್ಟೆ.

"ಹದಿನೇಳನೇ ತಾರೀಖು ಆಯಿತವಾರ ಅದ. ಅವತ್ತ ಇದನ್ನ ಕನ್ಹಾನಿಗೆ ಕಳಸೂದು. ನಮ್ಮ ಆಫೀಸಿನ ಸಿಪಾಯಿಯ ಮಾವನ ಗೋದಾಮಿಗೆ ಕಾವಲಿಗೆ ನಾಯಿ ಬೇಕಂತ."

ರಂಜನಿಯ ಕಣ್ಣಲ್ಲಿ ನೀರು ಬಂತು. ನನ್ನ ಹೆಂಡತಿ ಕೃಷ್ಣವೇಣಿಯ ಕಣ್ಣಲ್ಲಿ ಬೆಂಕಿ ಬಂತು.

"ಗೋದಾಮಿನ್ಯಾಗ ಹಗಲೂ ರಾತ್ರಿ ಸರಪಳಿ ಹಾಕಿ ಕಟ್ತಾರ. ವಿಚಾರಣಾ ಮಾಡದನ ಶಿಕ್ಷಾ ಏನ್ರಿ? ನಿಮ್ಮ ಆಫೀಸಿನ್ಯಾಗ ಹಿಂಗ ಮಾಡ್ತೀರಿ?"

ಅವಳು ಸರಿಯಾಗಿ ಮರ್ಮಕ್ಕೇ ಹೊಡೆದಿದ್ದಳು. ಇಪ್ಪತ್ತೆರಡು ವರ್ಷದಿಂದ ನಾನು ಇರುವುದೇ ಇಲಾಖಾ ವಿಚಾರಣೆಯ ವಿಭಾಗದಲ್ಲಿ. ತಡವಾಗಿ ಬಂದ ಸಿಪಾಯಿಗೂ ನಾವು ಮೆಮೋ ಕೊಟ್ಟು, ಉತ್ತರಕ್ಕೆ ಹದಿನೈದು ದಿನ ಕೊಟ್ಟು, ಅವನ ಪರವಾಗಿ ಮಾತಾಡಲು ಒಬ್ಬನನ್ನು ಕೊಡುತ್ತೇವೆ. ಧಾರವಾಡ ಬಿಟ್ಟು ಇಷ್ಟು ದೂರ ಬಂದು ಈ ನರಹರಿ ನ್ಯಾಯ ತಪ್ಪಿದನೆಂಬ ಮಾತು ಬರಬಾರದೆಂದು ವಿಚಾರಣೆಗೆ ಒಪ್ಪಿದೆ. ದೂರುದಾರನೂ ನಾನೇ, ವಿಚಾರಣಾಧಿಕಾರಿಯೂ ನಾನೇ. (ನಿಯಮ ಇದಕ್ಕೆ ಒಪ್ಪುವುದಿಲ್ಲ. ಆದರೆ ಮನೆಯಲ್ಲಿ ಸಿಬ್ಬಂದಿ ಕಡಿಮೆ.) ಆರೋಪಿಯ ಪರವಾಗಿ ಕೃಷ್ಣವೇಣಿ. ದಾಖಲೆ ಬರೆಯಲು ಎಂಟನೇ ಇಯತ್ತೆಯ ರಂಜನಿ. ಕನ್ನಡ ಬರೆಯಲು ಅವಳಿಗೆ ಸರಿಯಾಗಿ ಬಾರದ್ದರಿಂದ ದಾಖಲೆಯ ಭಾಷೆ ಅರ್ಧ ಮರಾಠಿಯಾಯಿತು.

ಮರುದಿನವೇ ಸೋಫಾದ ಮೇಲೆ ಬಿಟ್ಟಿದ್ದ ನನ್ನ ದಿಂಬು ಹರಿದು ಬಿದ್ದಿತ್ತು. ನಾನು ಅಬ್ಬರಿಸಿದೆ. ಸುಭೇದಾರ ಕಿವಿ ಮಡಚಿ, ತಲೆ ತಗ್ಗಿಸಿ, ನೆಲ ನೋಡುತ್ತ ನಿಂತ.

"ನೋಡು, ನೋಡು! ತಪ್ಪು ಒಪ್ಪಿಕೊಂಡದ!"

"ನೀವು ಹಿಂಗ ಒದರಿದ್ರ ನಾನೂ ಹಂಗ ನಿಲ್ತೀನಿ. ನಾನೇನು ದಿಂಬು ಹರದೀನೇನು?" ಅಂದಳು ಕೃಷ್ಣವೇಣಿ.

ಅಷ್ಟಕ್ಕೇ ಬಿಡದೆ ಅವಳು ಆರೋಪಿಯನ್ನೂ ನನ್ನನ್ನೂ ಸದರ್ ಬಡಾವಣೆಯ ಒಬ್ಬ ಪಶುವೈದ್ಯರ ಹತ್ತಿರ ಕರೆದೊಯ್ದಳು. ಆ ಹಿರಿಯರು ನನ್ನ ಮುಖ ನೋಡದೆ ನಾಯಿಯ ಮುಖವನ್ನೇ ನೋಡುತ್ತ ಹೇಳಿದರು: ಅದು ತಲೆ ತಗ್ಗಿಸುವುದು ತಪ್ಪಿನ ಅರಿವಿನಿಂದಲ್ಲ, ನಿಮ್ಮ ದನಿಗೆ ಹೆದರಿ. ರಾತ್ರಿ ಮಾಡಿದ್ದಕ್ಕೆ ಬೆಳಿಗ್ಗೆ ಬೈದರೆ ಅದಕ್ಕೆ ಏನೂ ತಿಳಿಯುವುದಿಲ್ಲ. ಸಂಜೆ ದೂರ ತಿರುಗಾಡಿಸಿ, ಕಚ್ಚಲು ಏನಾದರೂ ಕೊಡಿ, ದಿನವೂ ಬರೆದಿಡಿ. ಯಾಕೆ ಹರಿಯುತ್ತದೆ ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ಯಾವ ರಾತ್ರಿ ಹರಿಯುವುದಿಲ್ಲ ನೋಡಿ.

ಹದಿನಾರನೇ ತಾರೀಖು ಶನಿವಾರ ಸಂಜೆ ಕೊನೆಯ ಬೈಠಕ್ಕು ಕೂತಿತು. ರಂಜನಿ ನೋಟ್‌ಬುಕ್ ತೆರೆದು ಓದಿದಳು.

"ಏಳ್ ತಾರೀಖ, ಉಶಿ. ಅಂದ್ರ ಅಪ್ಪನ ದಿಂಬು. ಎಂಟ್ ತಾರೀಖ, ಪಾಯಪೋಸ್, ಕಾಲೊರಸೋ ಚಾಪಿ. ಒಂಬತ್ತ್ ತಾರೀಖ, ಕಾಹೀ ನಾಹೀ."

"ಏನೂ ಇಲ್ಲಾ?"

"ಏನೂ ಇಲ್ಲ. ಹತ್ತ್ ತಾರೀಖ, ಛತ್ರಿ. ಹನ್ನೊಂದ್, ಪೇಪರ್. ಹನ್ನೆರಡ್, ಪರತ್ ಕಾಹೀ ನಾಹೀ. ಅಪ್ಪಾ, ಆ ಎರಡೂ ರಾತ್ರಿ ಲೈಟ್ ಹೋಗಿತ್ತು, ಆಠವಲಾ?"

ನೆನಪಾಯಿತು. ಮೇ ತಿಂಗಳ ನಾಗಪುರದಲ್ಲಿ ಕರೆಂಟು ಹೋದರೆ ಇಡೀ ಕಾಲೋನಿ ಹಾಸಿಗೆ ಸುತ್ತಿಕೊಂಡು ಮನೆಯ ಮೇಲಿನ ಗಚ್ಚಿ ಹತ್ತುತ್ತದೆ. ನಾವೂ ಹತ್ತಿದ್ದೆವು. ಸುಭೇದಾರ ಎರಡೂ ರಾತ್ರಿ ನನ್ನ ಕಾಲಿಗೆ ಬೆನ್ನು ಒತ್ತಿ ಬೆಳಗಿನವರೆಗೆ ಮಿಸುಕದೆ ಮಲಗಿದ್ದ. ಉಳಿದ ರಾತ್ರಿಗಳಲ್ಲಿ ನಾವು ಒಳಗೆ ಕೂಲರ್ ಹಚ್ಚಿಕೊಂಡು, ತಂಪು ಹೊರಗೆ ಹೋಗದಂತೆ ಬಾಗಿಲ ಚಿಲಕ ಹಾಕುತ್ತಿದ್ದೆವು. ಅವನು ಹೊರಕೋಣೆಯಲ್ಲಿ. ಆಜ್ಞೆ ನನ್ನದೇ.

ಕೃಷ್ಣವೇಣಿ ಈ ಸಲ ದನಿ ಏರಿಸಲಿಲ್ಲ. "ಮಾರ್ಚದ ತನಕಾ ನಿಮ್ಮ ಮಂಚದ ಕೆಳಗ ಮಲಗತಿತ್ತು. ಒಂದಿನ ಬಾಗಲಾ ಹಾಕ್ಕೊಂಡ್ರಿ. ಯಾಕ ಅಂತ ಅದಕ್ಕ ಯಾರು ಹೇಳ್ಯಾರ? ಹೊರಗ ಧಗಿ, ಕತ್ತಲಿ, ಅದೊಂದ ಇರ್ತದ. ಹರದದ್ದೆಲ್ಲಾ ನೋಡ್ರಿ, ನಿಮ್ಮ ಚಪ್ಪಲಿ, ನಿಮ್ಮ ದಿಂಬು, ನಿಮ್ಮ ಫೈಲು. ನಿಮ್ಮ ವಾಸನಿ ಹುಡಕತದ ಅದು."

ನನಗೆ ನಾಚಿಕೆಯಾಯಿತು. ಚಿಲಕ ತೆಗೆಯಲು ಆದೇಶ ಹೊರಡಿಸಿದೆ.

ಅಂದು ರಾತ್ರಿ ಸುಭೇದಾರ ಒಳಗೆ ಬಂದವನೇ ಕೂಲರಿನ ಎದುರು ಉದ್ದಕ್ಕೆ ಅಡ್ಡ ಬಿದ್ದ. ಲಾವಂಚದ ಬೇರಿನ ಘಮಘಮ ಗಾಳಿಯೆಲ್ಲ ಅವನ ಹೊಟ್ಟೆಗೇ. ನನಗೆ ಬಂದದ್ದು ಒದ್ದೆ ನಾಯಿಯ ವಾಸನೆ ಮಾತ್ರ. ಸರಿಸಿದರೆ ಸರಿಯಲೊಲ್ಲ.

"ಈ ಖೋಲಿಯೊಳಗ ಅದು ಇರಬೇಕು, ಇಲ್ಲಾ ನಾನು ಇರಬೇಕು!" ಎಂದು ಗುಡುಗಿದೆ.

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ. ರಂಜನಿ ನನ್ನ ಹಾಸಿಗೆಯನ್ನು ಹೊರಕೋಣೆಯ ಸೋಫಾದ ಪಕ್ಕಕ್ಕೆ ಹಾಸಿ ಬಂದಳು. ಕೃಷ್ಣವೇಣಿ, "ತಂಪು ಹೊರಗ ಹೋಗಬಾರದಲ್ರಿ" ಎಂದು ಒಳಗಿನಿಂದ ಚಿಲಕ ಹಾಕಿದಳು.

ಹೊರಗೆ ಧಗೆ, ಸೊಳ್ಳೆ. ಒಳಗೆ ಕೂಲರಿನ ಸದ್ದು, ನಡುನಡುವೆ ನಗು. ನನ್ನ ಬಗ್ಗೆಯೇ ನಗುತ್ತಿದ್ದಾರೆಯೇ? ಹೊರಳಿದೆ. ಸುಭೇದಾರ ಹರಿದಿದ್ದ ಸೋಫಾದ ಮೂಲೆಯಿಂದ ಒಂದಿಷ್ಟು ಅರಳೆ ಇಣುಕುತ್ತಿತ್ತು. ಬೆರಳಿನಿಂದ ಒಳಗೆ ತುರುಕಿದೆ. ಅದು ಹೊರಗೆ ಬಂತು. ಸ್ವಲ್ಪ ಎಳೆದೆ. ಎಳೆಯುವುದರಲ್ಲಿ ಏನೋ ಸಮಾಧಾನವಿತ್ತು. ಯಾವಾಗ ನಿದ್ದೆ ಬಂತೋ ಗೊತ್ತಾಗಲಿಲ್ಲ.

ಬೆಳಿಗ್ಗೆ ಬಾಗಿಲು ತೆರೆದಾಗ ಕೋಣೆಯ ತುಂಬ ಅರಳೆ. ಮೊದಲು ಸುಭೇದಾರ ಬಂದು ಮೂಸಿ ನೋಡಿ ನನ್ನ ಕಾಲಿಗೆ ಬೆನ್ನು ಒತ್ತಿ ಕೂತ. ಹಿಂದೆ ಕೃಷ್ಣವೇಣಿ. ನನಗರಿವಿಲ್ಲದೆಯೇ ನನ್ನ ತಲೆ ತಗ್ಗಿತು, ಕಣ್ಣು ನೆಲ ನೋಡಿತು.

"ಅಮ್ಮಾ, ಒದರಬ್ಯಾಡ. ಈಗ ಬೈದ್ರ ತಿಳಿಯಂಗಿಲ್ಲ," ಎಂದಳು ರಂಜನಿ, ನೋಟ್‌ಬುಕ್ ತೆರೆದು ಬರೆಯುತ್ತ. "ಹದಿನೇಳ್ ತಾರೀಖ, ಸೋಫಾ. ಅಪ್ಪಾ."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಕನ್ಹಾನಿನ ಗೋದಾಮಿನವನು ಕೈಯಲ್ಲಿ ಸರಪಳಿ ಹಿಡಿದು ನಿಂತಿದ್ದ. ಕೃಷ್ಣವೇಣಿ ಅವನನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ತನ್ನ ಅಚ್ಚುಕಟ್ಟಾದ ಮರಾಠಿಯಲ್ಲಿ ಹೇಳಿದಳು: ನಾಯಿಯನ್ನಂತೂ ಕಳಿಸುವುದಿಲ್ಲ, ಬೇರೆ ಯಾರನ್ನಾದರೂ ಕಳಿಸಬೇಕೇ ಎಂದು ಮನೆಯಲ್ಲಿ ವಿಚಾರ ನಡೆದಿದೆ.

ನಾನು ತಲೆ ಎತ್ತಲಿಲ್ಲ. ಸುಭೇದಾರ ಮೆಲ್ಲಗೆ ನನ್ನ ಎಡಗಾಲು ನೆಕ್ಕುತ್ತಿದ್ದ.